ಮುಚ್ಚಳ ತೆರೆಯದೆ ಮಟ್ಟವನ್ನು ಕಾಣುವ ಬಗೆ

ಪಶ್ಚಿಮ ಟೆಕ್ಸಾಸಿನ ಪರ್ಮಿಯನ್ ತೈಲಕ್ಷೇತ್ರದಲ್ಲಿ ಬಾವಿಯಿಂದ ಮೇಲೆದ್ದ ಎಣ್ಣೆಯು, ತನ್ನೊಡನೆ ಬಂದ ಅನಿಲವನ್ನೂ ಉಪ್ಪುನೀರನ್ನೂ ಬಹುಮಟ್ಟಿಗೆ ಕಳೆದುಕೊಂಡ ತರುವಾಯ, ಲಾರಿಯೋ ಕೊಳವೆಮಾರ್ಗವೋ ಕೊಂಡೊಯ್ಯುವ ತನಕ ಉಕ್ಕಿನ ಟ್ಯಾಂಕುಗಳಲ್ಲಿ ಕಾದಿರುತ್ತದೆ. ಇವುಗಳಲ್ಲಿ ಬಹಳವಾಗಿ ಕಾಣಬರುವುದು 12 ಅಡಿ ವ್ಯಾಸದ, 20 ಅಡಿ ಎತ್ತರದ, 400 ಬ್ಯಾರೆಲ್ ಹಿಡಿಯುವ ಟ್ಯಾಂಕು. ಒಂದು ಬ್ಯಾರೆಲ್ ಎಂದರೆ 42 ಅಮೆರಿಕನ್ ಗ್ಯಾಲನ್, ಸುಮಾರು 159 ಲೀಟರು. ಈ ಟ್ಯಾಂಕಿನಲ್ಲಿ ಮಟ್ಟವು ಒಂದಂಗುಲ ಏರಿತೆಂದರೆ ಹೆಚ್ಚುಕಡಿಮೆ 267 ಲೀಟರು ಎಣ್ಣೆ ಸೇರಿತೆಂದು ತಿಳಿಯತಕ್ಕದ್ದು. ಭೂಮಿಯ ಒಡೆಯನಿಗೆ ಸಲ್ಲುವ ರಾಜಧನ, ಕೊಳ್ಳುವವನು ತೆರುವ ಬೆಲೆ, ಸರ್ಕಾರದ ತೆರಿಗೆ ಇವೆಲ್ಲವೂ ಆ ಅಂಗುಲವನ್ನೇ ನೆಚ್ಚಿಕೊಂಡಿವೆ. ಉಕ್ಕಿನ ಗೋಡೆಯಾದರೋ ಒಳಗಿನದನ್ನು ತೋರಿಸುವುದಿಲ್ಲ.

ಹಳೆಯ ಕ್ರಮ ಸರಳವಾದದ್ದು. ಕೆಲಸಗಾರನು ಮೆಟ್ಟಿಲೇರಿ, ಛಾವಣಿಯ ಮುಚ್ಚಳ ತೆರೆದು, ತುದಿಯಲ್ಲಿ ಹಿತ್ತಾಳೆಯ ಗುಂಡು ಕಟ್ಟಿದ ಉಕ್ಕಿನ ಪಟ್ಟಿಯನ್ನು ತಳ ಮುಟ್ಟುವವರೆಗೆ ಇಳಿಬಿಟ್ಟು, ಮೇಲೆಳೆದು, ಒದ್ದೆಯ ಗೆರೆ ಎಲ್ಲಿ ನಿಂತಿದೆಯೆಂದು ಓದುತ್ತಾನೆ. ಗುಂಡು ಹಿತ್ತಾಳೆಯದೇ ಏಕೆಂದರೆ, ಅದು ಉಕ್ಕಿಗೆ ತಗುಲಿದರೂ ಕಿಡಿ ಹಾರುವ ಭಯ ಕಡಮೆ. ಎಣ್ಣೆಯ ಅಡಿಯಲ್ಲಿ ನೀರು ತಂಗಿರುವುದು ಸಹಜವಾದುದರಿಂದ ಗುಂಡಿಗೆ ಒಂದು ಬಗೆಯ ಲೇಪವನ್ನು ಬಳಿಯುವ ರೂಢಿಯೂ ಉಂಟು. ನೀರು ಸೋಂಕಿದಷ್ಟು ಭಾಗದಲ್ಲಿ ಮಾತ್ರ ಅದರ ಬಣ್ಣ ಮಾರ್ಪಡುತ್ತದೆ. ಕಾಲಂಗುಲದವರೆಗೂ ನಿಷ್ಕೃಷ್ಟವಾದ ಈ ಅಳತೆಯಲ್ಲಿ ನಾನು ಕಾಣುವ ದೋಷ ಒಂದೇ. ಆದರೆ ಅದು ಪ್ರಾಣಕ್ಕೆ ಸಂಬಂಧಿಸಿದ್ದು. ಮುಚ್ಚಳ ತೆರೆದೊಡನೆ ಒಳಗೆ ಒತ್ತಡದಲ್ಲಿದ್ದ ಪ್ರೋಪೇನ್, ಬ್ಯೂಟೇನ್ ಮೊದಲಾದ ಆವಿಗಳು ಮುಖಕ್ಕೇ ನುಗ್ಗಿ ಉಸಿರಾಡುವ ಗಾಳಿಯ ಆಮ್ಲಜನಕವನ್ನು ಹೊರದೂಡುತ್ತವೆ. ಕೆಲವು ಕಡೆ ಹೈಡ್ರೋಜನ್ ಸಲ್ಫೈಡೂ ಕೂಡಿಕೊಂಡಿದ್ದು, ಪ್ರಮಾಣ ಹೆಚ್ಚಾದಾಗ ಅದು ಮೊದಲು ಘ್ರಾಣಶಕ್ತಿಯನ್ನೇ ಕುಗ್ಗಿಸುವುದರಿಂದ, ವಾಸನೆಯಿಲ್ಲವೆಂಬ ಧೈರ್ಯಕ್ಕೆ ಅಲ್ಲಿ ಬೆಲೆಯಿಲ್ಲ. 2010ರಿಂದ 2014ರವರೆಗೆ ಇಂಥ ಟ್ಯಾಂಕುಗಳ ಮೇಲೆ ಅಳತೆಗೋ ಮಾದರಿಗೋ ನಿಂತಿದ್ದ 9 ಮಂದಿ ಕೆಲಸಗಾರರಾದರೂ ಮೃತರಾದರೆಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಗಳು 2016ರಲ್ಲಿ ಎಚ್ಚರಿಕೆಯನ್ನು ಹೊರಡಿಸಿದವು.

ಮುಚ್ಚಳ ತೆರೆಯದೆ ಅಳೆಯುವ ಉಪಾಯಗಳೂ ಹೊಸವೇನಲ್ಲ. ತೇಲುವ ಬುರುಡೆಗೆ ತಂತಿ ಕಟ್ಟಿ, ರಾಟೆಯ ಮೇಲೆ ಹಾಯಿಸಿ, ಹೊರಗೋಡೆಯ ಅಳತೆಪಟ್ಟಿಯ ಮುಂದೆ ಮುಳ್ಳು ತೂಗಬಿಡುವುದೊಂದು. ಇಲ್ಲಿ ಟ್ಯಾಂಕು ತುಂಬಿದಾಗ ಮುಳ್ಳು ಕೆಳಗಿಳಿದು, ಬರಿದಾದಾಗ ಮೇಲೇರುವುದನ್ನು ಕಂಡು ಹೊಸಬರು ತಬ್ಬಿಬ್ಬಾಗುತ್ತಾರೆ. ತಳದ ಒತ್ತಡವನ್ನು ಅಳೆಯುವ ಯಂತ್ರಕ್ಕೆ ದ್ರವದ ಸಾಂದ್ರತೆ ಮೊದಲೇ ತಿಳಿದಿರಬೇಕು. ಶ್ರವಣಾತೀತ ಧ್ವನಿಯನ್ನು ಮೇಲಿಂದ ಕಳುಹಿಸಿ ಪ್ರತಿಧ್ವನಿಯನ್ನು ಕೇಳುವ ಯಂತ್ರವು, ಆವಿಯ ಗುಣ ಬದಲಾದಂತೆ ಧ್ವನಿಯ ವೇಗವೂ ಬದಲಾಗುವುದರಿಂದ, ಕೆಲವೊಮ್ಮೆ ತಪ್ಪುತ್ತದೆ. ರೇಡಾರಿನ ಅಲೆಗೆ ಆ ತೊಡಕು ಇಲ್ಲವೆನ್ನಬಹುದು. ಒಳಗೆ ಇಳಿಬಿಟ್ಟ ಲೋಹದ ಸಲಾಕೆಯ ಗುಂಟ ರೇಡಾರ್ ಸ್ಪಂದನವನ್ನು ಹರಿಯಿಸಿದರಂತೂ ಎಣ್ಣೆ ನೀರು ಎರಡರ ಮಟ್ಟವೂ ಒಮ್ಮೆಗೇ ದೊರೆಯುತ್ತದೆ. ಎಣ್ಣೆಯ ಡೈಎಲೆಕ್ಟ್ರಿಕ್ ಗುಣಾಂಕ ಸುಮಾರು 2, ನೀರಿನದು 80ರ ಹತ್ತಿರ. ಎಣ್ಣೆಯ ಮೇಲ್ಮೈ ಸ್ಪಂದನದಲ್ಲಿ ನೂರಕ್ಕೆ ಮೂರು ಪಾಲನ್ನಷ್ಟೆ ಹಿಂದಿರುಗಿಸಿ ಉಳಿದುದನ್ನು ಒಳಬಿಡುತ್ತದೆ, ನೀರು ತನ್ನನ್ನು ತಲಪಿದುದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹಿಂದಟ್ಟುತ್ತದೆ. ನಡುವೆ ಎಣ್ಣೆನೀರು ಕಲಸಿಕೊಂಡ ಪದರವಿದ್ದರೆ ಮಾತ್ರ ಈ ಎರಡನೆಯ ಪ್ರತಿಧ್ವನಿ ಮಸಕಾಗುತ್ತದೆ.

ಆದರೆ ನನ್ನ ಮನಸ್ಸಿಗೆ ಹೆಚ್ಚು ಒಪ್ಪಿರುವುದು ಟ್ಯಾಂಕನ್ನು ಮುಟ್ಟದೆಯೇ, ನೆಲದ ಮೇಲೆ ನಿಂತು, ಅವಕೆಂಪು ಕಿರಣಗಳ ಕ್ಯಾಮರಾದಿಂದ ನೋಡುವ ವಿಧಾನ. ದ್ರವವನ್ನು ಬಿಸಿಮಾಡಲು ಆವಿಗಿಂತ ಎಷ್ಟೋ ಪಾಲು ಹೆಚ್ಚು ಉಷ್ಣ ಬೇಕು. ಆದಕಾರಣ ಬಿಸಿಲು ಸಮವಾಗಿ ಬಿದ್ದರೂ, ಎಣ್ಣೆ ತಗುಲಿರುವ ತಗಡು ತನ್ನ ಕಾವನ್ನು ಒಳಕ್ಕೆ ಒಪ್ಪಿಸುತ್ತ ತಣ್ಣಗಿರುತ್ತದೆ. ಆವಿ ಮಾತ್ರ ತಗುಲಿರುವ ಮೇಲಿನ ತಗಡು ಬೇಗ ಕಾಯುತ್ತದೆ. ಅಪರಾಹ್ನದ ಚಿತ್ರದಲ್ಲಿ ಮೇಲುಭಾಗ ಬೆಳ್ಳಗೆ, ಕೆಳಭಾಗ ಕಪ್ಪಗೆ, ನಡುವಿನ ಗೆರೆ ಮಟ್ಟವನ್ನು ತೋರುತ್ತದೆ. ರಾತ್ರಿಯಾದ ಮೇಲೆ ಮೇಲುತಗಡು ತೆರೆದ ಆಕಾಶಕ್ಕೆ ಕಾವನ್ನು ಬಿಟ್ಟುಕೊಟ್ಟು ತಣ್ಣಗಾಗುತ್ತದೆ, ಎಣ್ಣೆ ಹಗಲಿನ ಬಿಸಿಯನ್ನು ಕಾಯ್ದಿಟ್ಟುಕೊಂಡಿರುತ್ತದೆ, ಚಿತ್ರ ತಲೆಕೆಳಗಾಗುತ್ತದೆ. ಅಡಿಗೆಯ ಅನಿಲದ ಸಿಲಿಂಡರನ್ನು ಒದ್ದೆಬಟ್ಟೆಯಿಂದ ಒರೆಸಿ, ಎಲ್ಲಿಯವರೆಗೆ ತೇವ ಬೇಗ ಆರಿತೆಂದು ನೋಡುವ ನಮ್ಮ ಗೃಹಿಣಿಯರು ಇದೇ ತತ್ತ್ವವನ್ನು ಕ್ಯಾಮರಾ ಇಲ್ಲದೆ ಪ್ರಯೋಗಿಸುತ್ತಿದ್ದಾರೆ.

ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ, ಎರಡು ಭಾಗಗಳೂ ಸಮವಾದ ಬಿಸಿಗೆ ಬಂದು ಗೆರೆ ಪೂರ್ತಿಯಾಗಿ ಅಳಿಸಿಹೋಗುವುದುಂಟು. ಆ ಸಮಯದಲ್ಲಿ ಕ್ಯಾಮರಾ ಹಿಡಿದವನು ಟ್ಯಾಂಕು ಬರಿದಾಗಿದೆಯೆಂದೋ ತುಂಬಿದೆಯೆಂದೋ ನಿಶ್ಚಯಿಸಿದರೆ ಯಂತ್ರವನ್ನು ದೂಷಿಸುವಂತಿಲ್ಲ. ಮೋಡ, ಮಳೆ, ಬಿರುಗಾಳಿಗಳಲ್ಲಿ ಗೆರೆ ಮಂದವಾಗುತ್ತದೆ. ಹೊಳೆಯುವ ಅಲ್ಯೂಮಿನಿಯಂ ಹೊದಿಕೆಯ ಟ್ಯಾಂಕು ತನ್ನ ಕಾವಿಗಿಂತ ಎದುರಿನ ಆಕಾಶದ ಪ್ರತಿಬಿಂಬವನ್ನೇ ಹೆಚ್ಚಾಗಿ ತೋರಿಸುತ್ತದೆ. ಅನುಕೂಲವಾದ ಹೊತ್ತಿನಲ್ಲಾದರೋ, ತಳದಲ್ಲಿ ಗಟ್ಟಿಯಾದ ಕೆಸರು ಕಾವನ್ನು ಬೇರೆ ರೀತಿಯಲ್ಲಿ ತಡೆಯುವುದರಿಂದ, ಅದರ ದಪ್ಪವೂ ಇನ್ನೊಂದು ಪಟ್ಟೆಯಾಗಿ ಗೋಡೆಯ ಮೇಲೆ ಮೂಡುತ್ತದೆ. ಟ್ಯಾಂಕನ್ನು ಯಾವಾಗ ತೊಳೆಯಿಸಬೇಕೆಂಬುದನ್ನು ಇದರಿಂದ ಗೊತ್ತುಮಾಡಬಹುದು. ಕಾಲಂಗುಲದ ಲೆಕ್ಕ ಬೇಡುವ ಮಾರಾಟಕ್ಕೆ ಈ ಗೆರೆ ಸಾಲದು. ತೇಲುವ ಬುರುಡೆ ಎಲ್ಲಿಯೋ ಸಿಕ್ಕಿಕೊಂಡು ಮುಳ್ಳು ಅಲುಗದಿರುವಾಗ, ಎಣ್ಣೆ ಅಂಚನ್ನು ಮೀರಿ ಹೊರಚೆಲ್ಲುವ ಮೊದಲೇ ಆ ಸುಳ್ಳನ್ನು ಹಿಡಿಯುವುದಕ್ಕೆ ಧಾರಾಳವಾಗಿ ಸಾಕು.