ತಿಪ್ಪೆಯ ಗಿಡ್ಡರೆಕ್ಕೆ ಹುಳ

ಅಕ್ಕಂದಿರೇ, ಸಗಣಿ ಬಾಚುವಾಗ ಹಿಂಬದಿ ಎತ್ತಿಕೊಂಡು ಸರಸರ ಓಡುವ, ಗಿಡ್ಡ ರೆಕ್ಕೆಯ ಕಪ್ಪು ಹುಳವನ್ನು ನೀವು ನೋಡಿರುತ್ತೀರಿ. ಅದು ರೋವ್ ಜೀರುಂಡೆ. ಜಗತ್ತಿನಲ್ಲಿ ಇದರ 60,000ಕ್ಕೂ ಹೆಚ್ಚು ಜಾತಿಗಳನ್ನು ಗುರುತಿಸಿದ್ದಾರೆ. ಹೊಸವು ಇನ್ನೂ ಸಿಗುತ್ತಲೇ ಇವೆ. ಸಗಣಿಯಲ್ಲಿರುವ ಹಲವು ಜಾತಿಗಳು ನೊಣದ ಮೊಟ್ಟೆ, ಮರಿಹುಳು ತಿನ್ನುತ್ತವೆ. ಕರೆಯುವಾಗ ಹಸು ಒದೆಯುವುದಕ್ಕೆ ನೊಣದ ಕಾಟವೂ ಕಾರಣ ತಾನೇ? ತಿಪ್ಪೆಗೆ ಕೀಟನಾಶಕ ಸುರಿದರೆ ನೊಣದ ಜೊತೆ ಈ ಹುಳವೂ ಸಾಯುತ್ತದೆ.

ಎಚ್ಚರ ಬೇಕಿರುವುದು ಇದೇ ಕುಲದ ಪೀಡೆರಸ್ ಬಗ್ಗೆ. ಕೆಂಪು-ಕಪ್ಪು ಪಟ್ಟೆಯ ಇದು ಗದ್ದೆ ಬಯಲಿನದು. ಮಳೆಗಾಲದ ರಾತ್ರಿ ಕೊಟ್ಟಿಗೆಯ ದೀಪಕ್ಕೆ ಬರುತ್ತದೆ. ಕಚ್ಚುವುದಿಲ್ಲ, ಆದರೆ ಮೈಮೇಲೆ ಉಜ್ಜಿದರೆ ಅದರ ರಸ ತಾಗಿ ಒಂದೆರಡು ದಿನದಲ್ಲಿ ಉರಿ, ಬೊಬ್ಬೆ. ಕೂತರೆ ಊದಿ ಹಾರಿಸಿ. ಉಜ್ಜಿಹೋಗಿದ್ದರೆ ಕೂಡಲೇ ಸೋಪು ಹಾಕಿ ತೊಳೆಯಿರಿ, ಆ ಕೈಯಲ್ಲಿ ಕಣ್ಣು ಮುಟ್ಟಬೇಡಿ.