ಸಿಗ್ನಲ್‌ನಲ್ಲಿ ನಿಂತ ಆಟೊಮ್ಯಾಟಿಕ್ ಕಾರು: ಡ್ರೈವೋ, ನ್ಯೂಟ್ರಲ್ಲೋ?

ಟಾರ್ಕ್ ಕನ್ವರ್ಟರ್ ಇರುವ ಆಟೊಮ್ಯಾಟಿಕ್ ಕಾರನ್ನು 'ಡಿ'ಯಲ್ಲಿಟ್ಟು ಬ್ರೇಕ್ ಒತ್ತಿ ನಿಲ್ಲಿಸಿದರೂ ಎಂಜಿನ್ ಚಕ್ರಗಳನ್ನು ಮುಂದಕ್ಕೆ ತಳ್ಳುತ್ತಲೇ ಇರುತ್ತದೆ. ಬ್ರೇಕ್ ಸಡಿಲಿಸಿದ ಕೂಡಲೇ ಆಕ್ಸಿಲರೇಟರ್ ಮುಟ್ಟದೆಯೂ ಕಾರು ತೆವಳುವುದು ಇದಕ್ಕೇ. ಕ್ಲಚ್ ಪೆಡಲ್ ಇರುವ ಗಾಡಿ ಓಡಿಸಿ ಬಂದವರಿಗೆ ಹೀಗೆ ನಿಲ್ಲುವುದು ಗೇರ್‌ಬಾಕ್ಸ್ ಸವೆಸಿದಂತೆ ಕಾಣುತ್ತದೆ. ಮ್ಯಾನ್ಯುಯಲ್ ಗಾಡಿಯಲ್ಲಿ ಅರ್ಧ ಕ್ಲಚ್‌ನಲ್ಲಿ ನಿಂತರೆ ಪ್ಲೇಟ್ ಸುಡುವುದು ನಿಜ. ಹಾಗಾಗಿ ಮಧುಗಿರಿ, ಶಿರಾ ಕಡೆಯಿಂದ ಬೆಂಗಳೂರಿಗೆ ಬಂದು ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಸಿಕ್ಕಿಕೊಂಡವರ ಕೈ ತಾನಾಗಿಯೇ ನ್ಯೂಟ್ರಲ್‌ಗೆ ಹೋಗುತ್ತದೆ. ಆದರೆ ಆಟೊಮ್ಯಾಟಿಕ್‌ನ ಒಳಗಿನ ಏರ್ಪಾಡೇ ಬೇರೆ.

ಟಾರ್ಕ್ ಕನ್ವರ್ಟರಿನ ಮೂಲ ಜರ್ಮನಿಯ ಎಂಜಿನಿಯರ್ ಹೆರ್ಮನ್ ಫ್ಯೋಟಿಂಗರ್ 1905ರಲ್ಲಿ ಹಡಗುಗಳಿಗಾಗಿ ಪೇಟೆಂಟ್ ಪಡೆದ ಸಾಧನದಲ್ಲಿದೆ. ಎಣ್ಣೆ ತುಂಬಿದ ಗುಂಡನೆಯ ಡಬ್ಬಿಯೊಳಗೆ ರೆಕ್ಕೆಗಳಿರುವ ಎರಡು ಚಕ್ರಗಳು ಎದುರುಬದುರಾಗಿರುತ್ತವೆ. ಒಂದನ್ನು ಎಂಜಿನ್ ತಿರುಗಿಸುತ್ತದೆ. ಅದು ಎಸೆದ ಎಣ್ಣೆ ಇನ್ನೊಂದನ್ನು, ಅಂದರೆ ಗೇರ್‌ಬಾಕ್ಸಿಗೆ ಸೇರಿದ ಟರ್ಬೈನನ್ನು ತಿರುಗಿಸುತ್ತದೆ. ನಡುವಿನ ಸ್ಟೇಟರ್ ಎಂಬ ಮೂರನೆಯ ಚಕ್ರ, ಮರಳಿ ಬರುವ ಎಣ್ಣೆಯ ದಿಕ್ಕು ತಿರುಗಿಸಿ ಬಲ ಹೆಚ್ಚಿಸುತ್ತದೆ. ಕಾರು ನಿಂತಿರುವಾಗ ಎಂಜಿನ್ನಿಗೂ ಚಕ್ರಗಳಿಗೂ ನಡುವೆ ಲೋಹಕ್ಕೆ ಲೋಹ ಉಜ್ಜುವುದಿಲ್ಲ, ಎಣ್ಣೆಯಷ್ಟೇ ಕಲಕುತ್ತಿರುತ್ತದೆ. ಹಗುರ ಗಡಿಗೆಯಲ್ಲಿ ಮೊಸರು ಕಡೆಯುವಾಗ ಗಡಿಗೆಯೂ ಜೊತೆಗೇ ತಿರುಗಲು ನೋಡುತ್ತದಲ್ಲ, ಅದನ್ನು ಬಿಗಿಹಿಡಿದಂತೆ 'ಡಿ'ಯಲ್ಲಿ ಬ್ರೇಕ್ ಒತ್ತುವುದು. ನ್ಯೂಟ್ರಲ್‌ಗೆ ಹಾಕುವುದೆಂದರೆ ಗಡಿಗೆಯನ್ನು ಬಿಟ್ಟುಬಿಡುವುದು.

ಬಿಗಿಹಿಡಿದಾಗ ಎಣ್ಣೆ ಬಿಸಿಯಾಗುವುದು ಸುಳ್ಳಲ್ಲ. ಆದರೆ ಎಷ್ಟು ಎಂಬುದೇ ಇಲ್ಲಿ ಮುಖ್ಯ. ಟರ್ಬೈನ್ ನಿಂತಿರುವಾಗ ಕನ್ವರ್ಟರ್ ಎಂಜಿನ್ನಿನ ಮೇಲೆ ಹೇರುವ ತಿರುಚುಬಲ ಎಂಜಿನ್ ವೇಗದ ವರ್ಗಕ್ಕೆ ಅನುಗುಣ, ಹುಟ್ಟುವ ಶಾಖ ಘನಕ್ಕೆ ಅನುಗುಣ. ನಿಮಿಷಕ್ಕೆ 750 ಸುತ್ತಿನ ಐಡ್ಲಿಂಗ್‌ನಲ್ಲಿ ಹುಟ್ಟುವ ಶಾಖಕ್ಕೆ ಹೋಲಿಸಿದರೆ, ಬ್ರೇಕ್ ಒತ್ತಿಕೊಂಡೇ ಆಕ್ಸಿಲರೇಟರ್ ತುಳಿದು 2,250 ಸುತ್ತಿಗೆ ಏರಿಸಿದಾಗಿನ ಶಾಖ ಸುಮಾರು 27 ಪಟ್ಟು. ಗೇರ್‌ಬಾಕ್ಸನ್ನು ಕೆಡಿಸಬಲ್ಲದ್ದು ಈ ಎರಡನೆಯದು. ಮೊದಲನೆಯದನ್ನು ಪಾವಗಡದ ಬೇಸಿಗೆಯಲ್ಲೂ ಎಣ್ಣೆಯ ಕೂಲರ್ ಸಲೀಸಾಗಿ ಹೊರಹಾಕುತ್ತದೆ. ಇಂಧನ ತುಸು ಹೆಚ್ಚು ಖರ್ಚಾಗುತ್ತದೆ, ಸ್ಟೀರಿಂಗ್‌ನಲ್ಲಿ ಸಣ್ಣ ಅದುರು ಇರುತ್ತದೆ, ಅಷ್ಟೇ. ಈಚಿನ ಎಷ್ಟೋ ಗೇರ್‌ಬಾಕ್ಸ್‌ಗಳು ಕಾರು ನಿಂತಾಗ 'ಡಿ'ಯಲ್ಲಿದ್ದರೂ ಒಳಗಿನ ಕ್ಲಚ್ಚನ್ನು ತಾವೇ ಸಡಿಲಿಸಿ ಈ ಹೊರೆಯನ್ನೂ ಇಳಿಸುತ್ತವೆ.

ನ್ಯೂಟ್ರಲ್‌ನಿಂದ ಮತ್ತೆ 'ಡಿ'ಗೆ ಹಾಕುವುದಕ್ಕೂ ಬೆಲೆಯುಂಟು. ಸನ್ನೆ ಸರಿಸಿದ ಮೇಲೆ ಎಣ್ಣೆಯ ಒತ್ತಡ ಏರಿ, ಕ್ಲಚ್ ಪ್ಲೇಟುಗಳು ಒಂದಕ್ಕೊಂದು ಒತ್ತಿಕೊಂಡು, ಸೀಟಿಗೆ ತಿಳಿಯುವಂತೆ ಸಣ್ಣದೊಂದು 'ದಡ್' ಆಗುವವರೆಗೆ ಕ್ಷಣಕಾಲ ಬೇಕು. ಎಂಜಿನ್ ಐಡ್ಲಿಂಗ್‌ನಲ್ಲಿದ್ದರೆ ಸವೆತ ತೀರಾ ಕಡಿಮೆ. ಹಸಿರು ದೀಪ ಬಂತೆಂದು, ಹಿಂದಿನವರ ಹಾರನ್ನಿಗೆ ಗಾಬರಿಯಾಗಿ, ಸನ್ನೆ ಎಳೆಯುತ್ತಲೇ ಆಕ್ಸಿಲರೇಟರ್ ತುಳಿದರೆ ಮಾತ್ರ ಪ್ಲೇಟುಗಳು ಜಾರುತ್ತಾ ಕಚ್ಚಿಕೊಳ್ಳಬೇಕಾಗುತ್ತದೆ. ಉಳಿಸಲು ಹೊರಟ ಭಾಗವೇ ಸವೆಯುತ್ತದೆ. ಆದ್ದರಿಂದ ಒಂದು ನಿಮಿಷದೊಳಗಿನ ನಿಲುಗಡೆಗೆ 'ಡಿ'ಯಲ್ಲೇ ಇದ್ದು ಬ್ರೇಕನ್ನು ಗಟ್ಟಿಯಾಗಿ ಒತ್ತುವುದು ಮೇಲು. ಮದಲೂರಿನ ಕಡೆಯ ರಸ್ತೆಯಲ್ಲಿ ಕುರಿಹಿಂಡು ದಾಟುವಷ್ಟು ಹೊತ್ತಿಗೆ ಸನ್ನೆ ಮುಟ್ಟುವ ಅಗತ್ಯವೇ ಇಲ್ಲ.

ರೈಲ್ವೆ ಗೇಟ್ ಬಿದ್ದಾಗ, ಹೆದ್ದಾರಿಯಲ್ಲಿ ಅಪಘಾತವಾಗಿ ಸಾಲು ಕಟ್ಟಿದಾಗ ಲೆಕ್ಕ ಬೇರೆ. ಅಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ನ್ಯೂಟ್ರಲ್ ಅಥವಾ 'ಪಿ'ಗೆ ಹಾಕುವುದು ಸರಿ. ಗೇರ್‌ಬಾಕ್ಸಿಗಿಂತ ಕಾಲಿನ ಸಲುವಾಗಿ ಇದು ಬೇಕು: ದಣಿದ ಪಾದ ಬ್ರೇಕಿನಿಂದ ಜಾರಿದರೆ 'ಡಿ'ಯಲ್ಲಿರುವ ಕಾರು ಮುಂದಿನ ಬೈಕಿಗೆ ತಾಗುತ್ತದೆ. ರಾತ್ರಿ ಹೆದ್ದಾರಿಯಲ್ಲಿ ಸಾಲಿನ ಕೊನೆಯಲ್ಲಿದ್ದರೆ, ಹಿಂದಿನ ವಾಹನ ಬಂದು ನಿಲ್ಲುವವರೆಗೆ ಬ್ರೇಕ್ ಬಿಡಬಾರದು; ಬ್ರೇಕ್ ದೀಪ ಆರಿದ ಕಾರು ಲಾರಿ ಚಾಲಕನಿಗೆ ನಿಂತಂತೆ ಕಾಣುವುದಿಲ್ಲ.

ಓಡುತ್ತಿರುವ ಕಾರನ್ನು ನ್ಯೂಟ್ರಲ್‌ಗೆ ಹಾಕುವುದಂತೂ ಕೂಡದು. ಇಳಿಜಾರಿನಲ್ಲಿ ನ್ಯೂಟ್ರಲ್ ಬಿಟ್ಟರೆ ಇಂಧನ ಉಳಿಯುತ್ತದೆಂಬ ನಂಬಿಕೆ ಕಾರ್ಬ್ಯುರೇಟರ್ ಕಾಲದ್ದು. ಇಂದಿನ ಎಂಜಿನ್‌ಗಳಲ್ಲಿ ಗೇರ್‌ನಲ್ಲೇ ಆಕ್ಸಿಲರೇಟರ್ ಬಿಟ್ಟು ಇಳಿದರೆ ಇಂಜೆಕ್ಟರ್‌ಗಳು ಇಂಧನವನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಜೀವ ಹಿಡಿದಿರಲು ಇಂಧನ ಬೇಕೇ ಬೇಕು. ದೇವರಾಯನದುರ್ಗದ ತಿರುವುಗಳಲ್ಲಿ ಎಂಜಿನ್ನಿನ ಹಿಡಿತ ಕಳೆದುಕೊಂಡು ಬ್ರೇಕನ್ನಷ್ಟೇ ನೆಚ್ಚಿ ಇಳಿಯುವುದು ಪ್ರಾಣದ ಜೊತೆ ಆಡುವ ಆಟ.

ಕಡಿಮೆ ಬೆಲೆಯ ಕಾರುಗಳ ಮಾತು ಸ್ವಲ್ಪ ಬೇರೆ. 2014ರಲ್ಲಿ ಮಾರುತಿ ಸುಜುಕಿಯ ಸೆಲೆರಿಯೊದೊಂದಿಗೆ ಬಂದು ಜನಪ್ರಿಯವಾದ ಎಎಂಟಿಯಲ್ಲಿ ಟಾರ್ಕ್ ಕನ್ವರ್ಟರ್ ಇಲ್ಲ. ಇರುವುದು ಮ್ಯಾನ್ಯುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ ಕೆಲಸವನ್ನು ಯಂತ್ರ ಮಾಡುತ್ತದೆ. ಬ್ರೇಕ್ ಒತ್ತಿ ನಿಂತಾಗ ಕ್ಲಚ್ ಬಿಟ್ಟುಕೊಂಡಿರುತ್ತದೆ, ಪ್ಲೇಟ್ ಸವೆಯದು. ನಿಲುಗಡೆ ಉದ್ದವಾದರೆ ನ್ಯೂಟ್ರಲ್‌ಗೆ ಹಾಕಿ ಆ ಯಂತ್ರಕ್ಕೂ ಬಿಡುವು ಕೊಡಬಹುದು. ಏರಿನಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರ್‌ನಿಂದಲೇ ಕಾರನ್ನು ಹಿಡಿದು ನಿಲ್ಲಿಸಿದರೆ ಮಾತ್ರ ಕ್ಲಚ್ ಸುಟ್ಟು ವಾಸನೆ ಬರುತ್ತದೆ. ಎರಡು ಕ್ಲಚ್‌ಗಳ ಡಿಸಿಟಿಗೂ ಇದೇ ಮಾತು. ಬ್ರೇಕನ್ನು ಅರ್ಧಂಬರ್ಧ ಒತ್ತಿ ಇಂಚಿಂಚು ತೆವಳುವುದೇ ಅದಕ್ಕೆ ಹೆಚ್ಚಿನ ಪೆಟ್ಟು.

ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್‌ನಂಥ ಹೈಬ್ರಿಡ್‌ಗಳಲ್ಲಿ ನ್ಯೂಟ್ರಲ್‌ನಿಂದ ನಷ್ಟವೇ ಉಂಟು. ಅಲ್ಲಿ ನ್ಯೂಟ್ರಲ್‌ನಲ್ಲಿದ್ದಷ್ಟು ಹೊತ್ತು ಹೈಬ್ರಿಡ್ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಎಸಿ ಮಾತ್ರ ಅದನ್ನು ಖಾಲಿ ಮಾಡುತ್ತಿರುತ್ತದೆ. ಬಹಳ ಹೊತ್ತು ನಿಲ್ಲುವುದಿದ್ದರೆ 'ಪಿ'ಗೆ ಹಾಕಬೇಕು. ಬ್ಯಾಟರಿಯೊಂದರಿಂದಲೇ ಓಡುವ ಕಾರಿನಲ್ಲಿ ನಿಂತಾಗ ತಿರುಗುವ ಎಂಜಿನ್ನೂ ಇಲ್ಲ, ಕಲಕುವ ಎಣ್ಣೆಯೂ ಇಲ್ಲ. 'ಡಿ'ಯಲ್ಲಿ ಬ್ರೇಕ್ ಒತ್ತಿ ನಿಂತರೆ ಸಾಕು.