ಬರೆಯದೆ ಬಿಟ್ಟ ವಿದ್ಯೆ

ಔರಾದ, ಭಾಲ್ಕಿಗಳ ತರುಣರಲ್ಲಿ ಅನೇಕರು ಮನೆಯಲ್ಲಿ ಕನ್ನಡವನ್ನೋ ಮರಾಠಿಯನ್ನೋ ಆಡುತ್ತಾರೆ, ಬೀದರದ ಪೇಟೆಯಲ್ಲಿ ಉರ್ದುವಿನಲ್ಲಿ ವ್ಯವಹರಿಸುತ್ತಾರೆ, ತೆಲುಗಿಗೂ ತಡವರಿಸರು. ಆದರೆ ನೌಕರಿಗೆಂದು ಸ್ವವಿವರ ಬರೆಯಲು ಕುಳಿತರೆ, ‘ಕನ್ನಡ, ಇಂಗ್ಲಿಷ್’ ಎಂದಷ್ಟೇ ಬರೆದು ಕೈತೊಳೆದುಕೊಳ್ಳುತ್ತಾರೆ. ಊರಿನವರಿಗೆಲ್ಲ ಬರುವುದು ಒಂದು ವಿದ್ಯೆಯೇ ಎಂಬ ಸಂಕೋಚ!

ಈ ವಿದ್ಯೆ ಚರಿತ್ರೆಯ ಕೊಡುಗೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ವಿಭಜನೆಯಾದಾಗ ಬೀದರ, ಭಾಲ್ಕಿ, ಔರಾದಗಳು ಮೈಸೂರು ರಾಜ್ಯಕ್ಕೆ ಬಂದವು; ಅದೇ ಜಿಲ್ಲೆಯ ಉದಗೀರ ಮುಂಬಯಿ ರಾಜ್ಯಕ್ಕೂ, ಜಹೀರಾಬಾದ್ ಆಂಧ್ರಪ್ರದೇಶಕ್ಕೂ ಸೇರಿದವು. ಗಡಿಗಳು ಬೇರೆಯಾದವು, ನಂಟುಗಳು ಉಳಿದವು.

ಹೈದರಾಬಾದು, ಪುಣೆ, ಬೆಂಗಳೂರುಗಳಲ್ಲಿ ವ್ಯಾಪಾರ ನಡೆಸುವವರಿಗೆ ಗಿರಾಕಿಯ ಭಾಷೆಯಲ್ಲೇ ಮಾತನಾಡಬಲ್ಲವರು ಬೇಕು. ಆದುದರಿಂದ ಯಾವ ಭಾಷೆಯನ್ನು ಓದಿ ಬರೆಯಬಲ್ಲಿರಿ, ಯಾವುದನ್ನು ಮಾತನಾಡಬಲ್ಲಿರಿ ಎಂಬುದನ್ನು ಬೇರೆಬೇರೆಯಾಗಿ ನಮೂದಿಸಿ. ‘ಶ್ರಮಜೀವಿ’ ಎಂಬ ಬಿರುದು ಬೇಡ. ಭಾಲ್ಕಿಯ ಅಂಗಡಿಯೊಂದರಲ್ಲಿ ಎರಡು ವರ್ಷ ಲೆಕ್ಕ ಬರೆದಿದ್ದರೆ ಅದನ್ನೇ ಬರೆಯಿರಿ. ಬೇಡಿದ ಕೆಲಸಕ್ಕೆ ತಕ್ಕ ವಿಷಯ ಮೊದಲ ಸಾಲುಗಳಲ್ಲೇ ಬರಲಿ.

ಸಂವಿಧಾನದ 371(ಜೆ) ವಿಧಿಯಂತೆ ದೊರೆಯುವ ಅರ್ಹತಾ ಪತ್ರ ರಾಜ್ಯ ಸರ್ಕಾರದ ನೌಕರಿಯಲ್ಲಿ ಮೀಸಲಾತಿಗೆ ಒದಗುತ್ತದೆ. ಖಾಸಗಿ ಸಂಸ್ಥೆಯ ಬಾಗಿಲಲ್ಲಿ ನಿಮ್ಮ ಪರವಾಗಿ ಮಾತನಾಡುವುದು ಈ ಸ್ವವಿವರವೊಂದೇ.

ಬಾರದ ಭಾಷೆಯನ್ನು ಮಾತ್ರ ಬರೆಯಬೇಡಿ; ಸಂದರ್ಶನದ ಮೊದಲ ಪ್ರಶ್ನೆ ಅದರಲ್ಲೇ ಬಂದೀತು! ಕಳುಹಿಸುವ ಮುನ್ನ ಮನೆಯ ಹಿರಿಯರೊಬ್ಬರು ಅದನ್ನು ಓದಿ, ನಮ್ಮ ಮಗಳಿಗೆ, ನಮ್ಮ ಮಗನಿಗೆ ಬರುವುದೆಲ್ಲವೂ ಇಲ್ಲಿದೆಯೇ ಎಂದು ಕೇಳಿಕೊಳ್ಳಲಿ. ಮಕ್ಕಳು ಮರೆತುದು ಅವರಿಗೆ ನೆನಪಿರುತ್ತದೆ.